ಹುಣಸೆ ಮರದ ಗಂಟೆ

ಹಿಲ್ಸ್‌ಬರೊ, ಕ್ಯಾರಿಯಾಕೂ ದ್ವೀಪ
ಶನಿವಾರ ಬೆಳಿಗ್ಗೆ, ಮೇ ೯

ಅರ್ಧ ಮೈಲಿ ಆಚೆ ಇರುವ ನನ್ನ ಅಮ್ಮನಿಗೆ,

ಮೇಲೆ ಬರೆದ ಊರಿನ ಹೆಸರನ್ನು ಇನ್ನೊಂದು ಸಲ ಓದಿಕೋ. ಕೈತಪ್ಪಿ ಬರೆದದ್ದಲ್ಲ. ನಾನು ಆಚೆ ದ್ವೀಪದ ಬಾಸ್‌ಟೇರ್‌ನ ಮನೆಯಲ್ಲಿಲ್ಲ. ಗುರುವಾರದಿಂದ ಇಲ್ಲೇ, ನಿನ್ನ ಊರಿನಲ್ಲೇ, ಕಡಲ ರಸ್ತೆಯ ಹಸಿರು ಹೋಟೆಲಿನ ಮಹಡಿಯ ಮೇಲೆ ಪರದೆ ಎಳೆದುಕೊಂಡು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ನಡೆದು, ಕೆಳಗಿನ ಕೋಣೆಯಲ್ಲಿರುವ ನನ್ನ ಮೇಲಧಿಕಾರಿ ಫೆವ್ರಿಯೇ ಸಾಹೇಬರು ಪೊರಕೆಯ ಹಿಡಿಯಿಂದ ಸೂರು ಕುಟ್ಟಿ ಎಚ್ಚರಿಸಿದ ಮೇಲೆ ಈ ಕಾಗದ ತೆಗೆದುಕೊಂಡೆ. ಕಾಲು ನಿಲ್ಲದಿದ್ದರೂ ಕೈಗಾದರೂ ಕೆಲಸ ಇರಲಿ ಅಂತ.

ಇದು ನಿನಗೆ ಸಿಗುವ ಹೊತ್ತಿಗೆ ಊರಿಗೆಲ್ಲ ವಿಷಯ ಗೊತ್ತಾಗಿರುತ್ತದೆ. ಬೈಗುಳವೂ ಶುರುವಾಗಿರುತ್ತದೆ. ಬೇರೆಯವರ ಬಾಯಿಂದ ಕೇಳಿದ್ದನ್ನು ಬದಿಗಿಟ್ಟು ನನ್ನ ಬಾಯಿಂದ ಒಂದು ಸಲ ಕೇಳು.

ದೋಣಿಗಾರರ ಬ್ಯಾಂಕು ಮುಳುಗಿದೆ, ಅಮ್ಮ. ನಾಳೆ ಸಂಜೆ ರೇಡಿಯೋದಲ್ಲಿ ಹೇಳುತ್ತಾರೆ. ಅದಾದ ಕೂಡಲೇ ಸೆಂಟ್ರಲ್ ಬ್ಯಾಂಕಿನ ನಾವು ನಾಲ್ಕು ಜನ ಹಿಂಬಾಗಿಲಿನಿಂದ ಒಳಗೆ ಹೋಗಿ ಬೀಗದ ಕೈ ತೆಗೆದುಕೊಳ್ಳುತ್ತೇವೆ. ಸೋಮವಾರ ಎಂದಿನಂತೆ ಬಾಗಿಲು ತೆರೆಯುತ್ತದೆ, ಆದರೆ ಒಳಗೆ ಕೂತು ನಡೆಸುವವರು ನಾವು. ದಿನಸಿ ಖರ್ಚಿಗೆ ಆಗುವಷ್ಟನ್ನು ಯಾರು ಬೇಕಾದರೂ ತೆಗೆಯಬಹುದು. ದೊಡ್ಡ ಮೊತ್ತಗಳೆಲ್ಲ ತಡೆ, ಬೇರೊಂದು ಬ್ಯಾಂಕು ಬಂದು ಇದನ್ನು ವಹಿಸಿಕೊಳ್ಳುವವರೆಗೆ. ಅದು ಯಾವಾಗ ಎಂದು ಕೇಳಬೇಡ. ನನಗೂ ಗೊತ್ತಿಲ್ಲ.

ನಿನ್ನ ಸೂರಿನ ದುಡ್ಡು ಆ ದೊಡ್ಡ ಮೊತ್ತಗಳಲ್ಲಿ ಒಂದು. ಚಂಡಮಾರುತ ಹೊತ್ತೊಯ್ದ ಆ ಸೂರಿಗಾಗಿ ನೀನು ಮೀನು ಸುಟ್ಟು ಮಾರಿ ಕೂಡಿಸಿದ್ದು, ನಾನು ತಿಂಗಳು ತಿಂಗಳು ಕಳಿಸಿದ್ದು, ಎಲ್ಲ ಅಲ್ಲೇ ಇದೆ. ಬಡಗಿ ಹಡ್ಸನ್ ಮಂಗಳವಾರ ಬರುತ್ತಾನೆ. ಜೂನ್ ಬಂತೆಂದರೆ ಮತ್ತೆ ಗಾಳಿಯ ಕಾಲ. ನಿನ್ನ ತಲೆಯ ಮೇಲೆ ಇರುವುದು ಒಂದು ನೀಲಿ ಟಾರ್ಪಾಲು. ಇದೆಲ್ಲ ಗೊತ್ತಿದ್ದೂ ನಾನು ನಿನಗೆ ಒಂದು ಮಾತು ಹೇಳಲಿಲ್ಲ. ಹೋದ ತಿಂಗಳೂ ಆ ಬ್ಯಾಂಕಿಗೇ ದುಡ್ಡು ಕಳಿಸಿದೆ. ಬ್ಯಾಂಕಿನ ಕಾಯಿಲೆ ಏನೆಂದು ವರದಿ ಬರೆದವಳು ನಾನೇ, ನಾನೇ ಕಳಿಸುವುದು ನಿಲ್ಲಿಸಿದರೆ ಕೌಂಟರಿನವರಿಗೆ ಅಷ್ಟೇ ಸಾಕಲ್ಲ, ಅರ್ಥವಾಗಲು.

ನೀನು ಯಾವಾಗಲೂ ನನ್ನನ್ನು ರೇಗಿಸುತ್ತಿದ್ದೆ: "ಎಂಟು ದ್ವೀಪಕ್ಕೆ ನೋಟು ಹೊಡೆಯೋರು ನೀವು. ನನ್ನ ಮನೆಗೆ ನಾಲ್ಕು ಶೀಟು ಹೊಡೆಸೋಕೆ ಆಗಲ್ವೇನೇ?" ನಾನು ನಗುತ್ತಿದ್ದೆ, ಸರಿಯಾಗಿ ಉತ್ತರ ಹೇಳಿರಲಿಲ್ಲ. ಈಗ ಹೇಳುತ್ತೇನೆ. ನೋಟು ಹೊಡೆಯುವುದು ಸುಲಭ. ಅದನ್ನು ಜನ ನಂಬುವ ಹಾಗೆ ಇಟ್ಟುಕೊಳ್ಳುವುದೇ ಕಷ್ಟ. ಪ್ರವಾಸಿಗರು ತಂದದ್ದು, ಜಾಯಿಕಾಯಿ ಮಾರಿ ಬಂದದ್ದು, ಲಂಡನ್ನಿನಿಂದ ಮಕ್ಕಳು ಕಳಿಸಿದ್ದು, ಎಂಟೂ ದ್ವೀಪಗಳ ಹೊರಗಿನ ದುಡ್ಡು ಬಾಸ್‌ಟೇರ್‌ನಲ್ಲಿರುವ ನಮ್ಮ ಬ್ಯಾಂಕಿನ ಒಂದೇ ಮಡಕೆಗೆ ಬಂದು ಬೀಳುತ್ತದೆ. ಆ ಮಡಕೆಯಲ್ಲಿ ಇರುವುದನ್ನು ನೋಡಿಕೊಂಡೇ ನೋಟು ಹೊರಗೆ ಬರಬೇಕು. ಯಾವ ದ್ವೀಪದ ಪ್ರಧಾನಿ ಬಂದು ಚುನಾವಣೆ ಇದೆ, ಸ್ವಲ್ಪ ಜಾಸ್ತಿ ಹೊಡೀರಿ ಅಂದರೂ ಆಗದು. ಅಮೆರಿಕದ ಒಂದು ಡಾಲರಿಗೆ ನಮ್ಮ ಡಾಲರು ನಾನು ಹುಟ್ಟುವ ಮೊದಲು ಎಷ್ಟಿತ್ತೋ ಇವತ್ತೂ ಅಷ್ಟೇ ಇರುವುದು ಅದಕ್ಕೇ. ಆದರೆ ಒಂದೇ ಮಡಕೆ ಅಂದ ಮೇಲೆ ಒಬ್ಬರ ಕೈ ನಡುಗಿದರೆ ಎಲ್ಲರ ಊಟವೂ ಚೆಲ್ಲುತ್ತದೆ. ಶುಕ್ರವಾರ ಇಲ್ಲಿ ಸಾಲು ನಿಂತರೆ ಶನಿವಾರ ಗ್ರೆನಡಾದಲ್ಲಿ, ಸೋಮವಾರ ಡೊಮಿನಿಕಾದಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿರುವ ಬ್ಯಾಂಕೂ ಅಂಥ ಸಾಲಿನ ಮುಂದೆ ಉಳಿಯುವುದಿಲ್ಲ. ಆದ್ದರಿಂದ ಇಂಥ ಕೆಲಸಕ್ಕೆ ನಾವು ಕಳ್ಳರಂತೆ ಬರಬೇಕು. ನೀನು ಕೊಟ್ಟ ಬೈಬಲ್ಲಿನ ಮೇಲೆ ಕೈಯಿಟ್ಟು, ಯಾರಿಗೂ ಹೇಳುವುದಿಲ್ಲ ಎಂದು ನಾನು ಪ್ರಮಾಣ ಮಾಡಿದ್ದೇನೆ.

ಮತ್ತೆ, ದೋಣಿಗಾರರ ಬ್ಯಾಂಕು ಮುಳುಗಿದ್ದು ನಿನ್ನಂಥವರಿಂದಲ್ಲ. ನಿರ್ದೇಶಕರು ತಮ್ಮ ಬಾವಮೈದುನರಿಗೆ ಕಡಲ ದಂಡೆಯಲ್ಲಿ ಹೋಟೆಲು ಕಟ್ಟಲು ಸಾಲ ಕೊಟ್ಟರು. ಚಂಡಮಾರುತ ಬಂದಾಗ ಹೋಟೆಲು ಹೋಯಿತು, ಕಂಬ ಉಳಿಯಿತು. ಒಂದು ವರ್ಷ ಹೇಳಿದೆವು, ನಿಮ್ಮ ಕೈಯಿಂದ ದುಡ್ಡು ತಂದು ತುಂಬಿ ಎಂದು. ಪ್ರತಿ ಮೀಟಿಂಗಿಗೂ ಅವರು ತಂದದ್ದು ಬರೀ ಕೇಕು.

ನಾನು ಬರುವುದಿಲ್ಲ ಎಂದು ಹಟ ಹಿಡಿದಿದ್ದೆ. ನನ್ನ ತಾಯಿಯ ಖಾತೆ ಅಲ್ಲಿದೆ, ನನ್ನನ್ನು ಬಿಡಿ ಎಂದೆ. ಫೆವ್ರಿಯೇ ಸಾಹೇಬರು ಸೇಂಟ್ ಲೂಸಿಯಾದವರು, ಯಾವುದಕ್ಕೂ ದನಿ ಏರಿಸುವವರಲ್ಲ. "ಅಲ್ಲಮ್ಮ, ಈ ದ್ವೀಪಗಳಲ್ಲಿ ಯಾರ ಚಿಕ್ಕಮ್ಮ ಯಾವ ಬ್ಯಾಂಕಲ್ಲಿ ದುಡ್ಡಿಟ್ಟಿಲ್ಲ ಹೇಳು? ನೆಂಟರೇ ಇಲ್ಲದೋರು ಬೇಕು ಅಂದ್ರೆ ಚಂದ್ರಲೋಕದಿಂದ ಕರೆಸ್ಬೇಕು. ಆ ಬ್ಯಾಂಕಿನ ಹೊಟ್ಟೇಲಿ ಏನಿದೆ ಅಂತ ಗೊತ್ತಿರೋಳು ನೀನೊಬ್ಳೇ. ನಡಿ" ಎಂದರು.

ಫೆರಿಯಲ್ಲಿ ಬಂದಿದ್ದರೆ ಜೆಟ್ಟಿಯಲ್ಲೇ ಹತ್ತು ಜನ ನನ್ನನ್ನು ತಬ್ಬಿಕೊಳ್ಳುತ್ತಿದ್ದರು. ಬಾಡಿಗೆ ದೋಣಿಯಲ್ಲಿ ಬಂದೆವು, ಕಡಲಿನ ಶಂಖಗಳನ್ನು ಸಮೀಕ್ಷೆ ಮಾಡುವವರು ಎಂದು ಹೇಳಿಕೊಂಡು. ಮುಖಕ್ಕೆ ಮಾಸ್ಕು, ತಲೆಗೆ ಸ್ಕಾರ್ಫು. ಹೋಟೆಲಿನ ಒಡತಿ ಗ್ರೆನಡಾದಿಂದ ಹೊಸದಾಗಿ ಬಂದವಳು, ನನ್ನನ್ನು ಅರಿಯಳು. ಆದರೆ ಅವಳ ಉತ್ಸಾಹಕ್ಕೆ ಏನು ಮಾಡುವುದು? ನಿನ್ನೆ ತಿಂಡಿಯ ಹೊತ್ತಿಗೆ ಒಂದು ಜೀವಂತ ಶಂಖವನ್ನು ತಟ್ಟೆಯಲ್ಲಿಟ್ಟು ತಂದು, "ಸಾರ್, ಇದು ಗಂಡೋ ಹೆಣ್ಣೋ ಹೇಳಿ" ಅಂದಳು. ಫೆವ್ರಿಯೇ ಸಾಹೇಬರು ಶಂಖದ ಮಾಂಸವನ್ನು ಸಾರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಇನ್ನೂ ವಯಸ್ಸಿಗೆ ಬಂದಿಲ್ಲಮ್ಮ" ಅಂದರು. ನಾನು ನಗಲೂ ಆರದೆ ಕೆಮ್ಮಿದೆ.

ನಿನಗೆ ಅಪ್ಪನ ಕಲ್ಲಿನ ಹಬ್ಬ ನೆನಪಿರಬೇಕು. ಸತ್ತು ಇಷ್ಟು ವರ್ಷವಾಯಿತು, ಸಮಾಧಿಗೆ ಇನ್ನೂ ಕಲ್ಲು ನಿಲ್ಲಿಸಿಲ್ಲ ಎಂದು ಅಪ್ಪ ಕನಸಿನಲ್ಲಿ ಬಂದು ಗೊಣಗಿದರು ಎಂದು ನೀನು ಬ್ಯಾಂಕಿಗೆ ಹೋಗಿ ಒಂದು ದೊಡ್ಡ ಮೊತ್ತ ತೆಗೆದೆ. ಕಲ್ಲು, ಮೇಕೆ, ರಮ್ಮು, ಡೋಲಿನವರು, ಊರಿಗೆಲ್ಲ ಊಟ. ನೀನು ಚೀಲ ಹಿಡಿದು ಮನೆ ತಲುಪುವಷ್ಟರಲ್ಲಿ ಬ್ಯಾಂಕಿನ ಮುಂದೆ ಬೀದಿಯ ತುದಿಯವರೆಗೆ ಸಾಲು. ಮಿಸ್ ಕಾಸ್ಮಿನಾ ದುಡ್ಡು ತೆಗೆದಳಂತೆ, ಮಗಳು ಬಾಸ್‌ಟೇರ್‌ನಿಂದ ಫೋನು ಮಾಡಿ ಹೇಳಿರಬೇಕು ಎಂದು ಸುದ್ದಿ. ಮ್ಯಾನೇಜರು ಕುರ್ಚಿ ಹತ್ತಿ ಕೈಮುಗಿದರೂ ಯಾರೂ ಕದಲಲಿಲ್ಲ. ಕೊನೆಗೆ ನೀನೇ ಏಪ್ರನ್ನಿನಲ್ಲಿ ಓಡಿಹೋಗಿ ಕೂಗಿದೆಯಂತೆ: "ನನ್ನ ಗಂಡನ ಕಲ್ಲಿಗೆ ಕಣ್ರೋ! ಬ್ಯಾಂಕು ಸತ್ತಿಲ್ಲ, ಸತ್ತಿರೋನು ನನ್ನ ಗಂಡ!" ಆಮೇಲೆ ಸಾಲು ಕರಗಿತು. ಅಂದಿನಿಂದ ಊರು ನಿನ್ನನ್ನು ಮಿಸ್ ಸೆಂಟ್ರಲ್ ಬ್ಯಾಂಕ್ ಎಂದು ಕರೆಯುತ್ತದೆ, ನೀನೂ ಅಂದಿನಿಂದ ಪ್ರತಿ ಶುಕ್ರವಾರ ಒಂದೇ ಸಣ್ಣ ಮೊತ್ತ ತೆಗೆಯುತ್ತೀಯ, ಹೆಚ್ಚಿಲ್ಲ ಕಡಿಮೆಯಿಲ್ಲ. ಯಾರಾದರೂ ನನ್ನ ಕೆಲಸದ ಬಗ್ಗೆ ಕೆದಕಿದರೆ, "ಫ್ಯಾನಿನ ಕೆಳಗೆ ಕೂತ್ಕೊತಾಳೆ, ಅಷ್ಟೇ ನಂಗೊತ್ತಿರೋದು" ಅನ್ನುತ್ತೀಯ. ನನ್ನನ್ನಂತೂ ಒಂದು ದಿನವೂ ಏನೂ ಕೇಳಿದವಳಲ್ಲ.

ಈಗ ನಿನ್ನೆಯ ಮಾತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಿನಗೆ ಫೋನು ಮಾಡಿದೆ, ಬಾಸ್‌ಟೇರ್‌ನಲ್ಲಿ ಇದ್ದೇನೆ ಎಂಬಂತೆ. ನೀನು ಹಡ್ಸನ್ ತರಿಸಿದ ಶೀಟಿನ ಬಣ್ಣದ ಬಗ್ಗೆ ದೂರುತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಚರ್ಚಿನ ಗೋಪುರ ಬಿದ್ದ ಮೇಲೆ ಹುಣಸೆ ಮರಕ್ಕೆ ಕಟ್ಟಿದ್ದೀರಲ್ಲ, ಆ ಸೀಳು ಬಿಟ್ಟ ಗಂಟೆ. ಒಡೆದ ಕಡಾಯಿ ಬಡಿದಂಥ ಆ ಸದ್ದು ಎಂಟು ದ್ವೀಪದಲ್ಲಿ ಇನ್ನೆಲ್ಲೂ ಇಲ್ಲ. ಒಂದು ಕಿವಿಗೆ ಕಿಟಕಿಯಿಂದ, ಇನ್ನೊಂದು ಕಿವಿಗೆ ನಿನ್ನ ಫೋನಿನಿಂದ ಕೇಳಿಸಿತು. ನಾನು ಹಾರಿಹೋಗಿ ಕಿಟಕಿ ಮುಚ್ಚಿದೆ. ನೀನು ಶೀಟಿನ ಮಾತು ಅಲ್ಲಿಗೇ ಬಿಟ್ಟೆ. ಆಮೇಲೆ, "ಅಲ್ಲೂ ಗಂಟೆನಾ?" ಅಂದೆ. ಟಿವಿ ಅಂದೆ ನಾನು. "ಹೂಂ. ಟಿವೀಲಿ ಏನೇನೋ ಬರುತ್ತೆ" ಅಂದೆ ನೀನು. ಆಮೇಲೆ, "ಇವತ್ತು ಶುಕ್ರವಾರ, ಬ್ಯಾಂಕಿಗೆ ಹೋಗ್ಬೇಕು, ಇಡ್ತೀನಿ" ಅಂದೆ.

ಆಮೇಲಿನ ಎರಡು ಗಂಟೆ ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ನನ್ನ ಕಿಟಕಿಯಿಂದ ಬ್ಯಾಂಕಿನ ಮೆಟ್ಟಿಲು ಕಾಣುತ್ತದೆ. ಗುರುವಾರದಿಂದಲೇ ಊರಲ್ಲಿ ಏನೋ ಗುಸುಗುಸು ಇತ್ತು, ನಿನ್ನೆ ಸಾಲು ಎಂದಿಗಿಂತ ಉದ್ದವಿತ್ತು. ನೀನು ಹಳದಿ ಟೋಪಿ ಹಾಕಿಕೊಂಡು ಬಂದೆ. ನೀನು ಬಂದ ಕೂಡಲೇ ಮಾತು ನಿಂತಿದ್ದು ನನಗೆ ಮಹಡಿಯ ಮೇಲಿಂದಲೂ ತಿಳಿಯಿತು. ಎಲ್ಲರ ಕಣ್ಣು ನಿನ್ನ ಕೈಚೀಲದ ಮೇಲೆ. ಅಮ್ಮ, ನನ್ನ ಮನಸ್ಸು ಎರಡು ಹೋಳಾಗಿತ್ತು. ತೆಗೆದುಬಿಡಮ್ಮ, ಎಲ್ಲ ತೆಗೆದುಬಿಡು ಎಂದು ಒಂದು. ದೇವರೇ, ತೆಗೆಯದೆ ಇರಲಿ ಎಂದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಬೇಡಿಕೊಂಡೆ.

ನೀನು ಹೊರಗೆ ಬಂದಾಗ ಕೈಯಲ್ಲಿ ಆ ಪುಟ್ಟ ಪರ್ಸು ಅಷ್ಟೇ ಇತ್ತು. ಮೆಟ್ಟಿಲ ಮೇಲೆ ನಿಂತು ಬೀಸಣಿಗೆ ಬೀಸಿಕೊಳ್ಳುತ್ತಾ ಊರಿಗೆಲ್ಲ ಕೇಳುವ ಹಾಗೆ ಹೇಳಿದೆ: "ಒಳಗೆ ಎಸಿ ಕೆಟ್ಟಿದೆ ಕಣ್ರೋ. ಬೇಯೋ ಆಸೆ ಇದ್ರೆ ನಿಂತ್ಕೊಳ್ಳಿ. ನಾನಂತೂ ಮೀನು ತಗೊಂಡು ಮನೆಗೆ ಹೋಗ್ತೀನಿ." ಯಾರೋ ನಕ್ಕರು. ಅರ್ಧ ಸಾಲು ಕರಗಿತು. ನೀನು ಹೋಟೆಲಿನ ಮುಂದೆಯೇ ನಡೆದು ಹೋದೆ, ಒಮ್ಮೆಯೂ ತಲೆ ಎತ್ತಲಿಲ್ಲ.

ನನ್ನ ಪಕ್ಕದಲ್ಲಿ ಫೆವ್ರಿಯೇ ಸಾಹೇಬರು ನಿಂತಿದ್ದರು. ದೊಡ್ಡದಾಗಿ ಉಸಿರು ಬಿಟ್ಟು, "ಆ ಹಳದಿ ಟೋಪಿ ಹೆಂಗಸು ಯಾರು? ಅವರಿಗೆ ನಮ್ಮಲ್ಲಿ ಕೆಲಸ ಕೊಡ್ಬೇಕಲ್ಲ" ಅಂದರು. ನಾನು, ಗೊತ್ತಿಲ್ಲ ಸಾರ್ ಅಂದೆ. ನನ್ನ ಹೆತ್ತ ತಾಯಿಯನ್ನು ತೋರಿಸಿ ಯಾರು ಎಂದು ಕೇಳಿದರೆ, ಗೊತ್ತಿಲ್ಲ ಅಂದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಭಾನುವಾರ, ಅಮ್ಮಂದಿರ ದಿನ

ಬೆಳಿಗ್ಗೆ ಚರ್ಚಿಗೆ ಹೋಗುವವರನ್ನು ಪರದೆಯ ಸಂದಿನಿಂದ ನೋಡಿದೆ. ಅಮ್ಮ ಬದುಕಿರುವವರ ಎದೆಯ ಮೇಲೆ ಕೆಂಪು ಹೂವು, ಇಲ್ಲದವರಿಗೆ ಬಿಳಿ. ನೀನು ಅಜ್ಜಿಗಾಗಿ ಬಿಳಿ ಹೂವು ಸಿಕ್ಕಿಸಿಕೊಂಡಿದ್ದೆ. ನನಗೆ ಕೆಂಪು ಹೂವು ಎಲ್ಲಿಂದ ಬರಬೇಕು? ಒಡತಿಯ ಮೇಜಿನ ಹೂದಾನಿಯಿಂದ ಒಂದು ಪ್ಲಾಸ್ಟಿಕ್ ದಾಸವಾಳ ಕದ್ದು ಅಂಗಿಗೆ ಸಿಕ್ಕಿಸಿಕೊಂಡೆ. ಇನ್ನೂ ಇದೆ.

ನೀನು ಚರ್ಚಿನಿಂದ ಬಂದ ಮೇಲೆ ನಾನು ಫೋನು ಮಾಡಿ ಶುಭಾಶಯ ಹೇಳಿದೆ. ಈ ಸಲ ಬರಲಾಗಲಿಲ್ಲ, ಕೆಲಸ ಜಾಸ್ತಿ ಎಂದೆ. "ಕೆಲಸ ಇದ್ದಾಗ ಮಾಡ್ಬೇಕಮ್ಮ. ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ?" ಅಂದೆ ನೀನು. ಆಮೇಲೆ, "ಹೋಟೆಲ್ ಊಟ ತಿಂದು ಹೊಟ್ಟೆ ಕೆಡಿಸ್ಕೋಬೇಡ" ಅಂದೆ. ಯಾವ ಹೋಟೆಲು ಎಂದು ಕೇಳುವಾಗ ನನ್ನ ದನಿ ಕೀಚಲಾಯಿತು. "ಯಾವ ಹೋಟೆಲಾದ್ರೂ ಅಷ್ಟೇ. ಉಪ್ಪು ಹಾಕೋದೇ ಗೊತ್ತಿಲ್ಲ ಅವ್ರಿಗೆ" ಅಂದು ಇಟ್ಟುಬಿಟ್ಟೆ. ಅಲ್ಲಿಗೆ ನನಗೆ ತಿಳಿಯಿತು. ನಿನಗೆ ಗೊತ್ತು, ಶುಕ್ರವಾರದಿಂದ ಗೊತ್ತು. ಗಂಟೆ ಕೇಳಿದ ಘಳಿಗೆಯಿಂದ ಗೊತ್ತು.

ಗೊತ್ತಿದ್ದೂ ಬ್ಯಾಂಕಿಗೆ ಹೋಗಿ ಎಂದಿನ ಆ ಸಣ್ಣ ಮೊತ್ತ ತೆಗೆದು ಬಂದೆಯಾ? ಇಲ್ಲ, ಹಾಗಿರಲಾರದು ಎಂದುಕೊಂಡೆ. ಮಗಳು ಯಾವುದೋ ಮೀಟಿಂಗಿಗೆ ಬಂದಿದ್ದಾಳೆ ಎಂದಷ್ಟೇ ತಿಳಿದಿರಬೇಕು, ದುಡ್ಡಿನ ಯೋಚನೆ ಬಂದಿರಲಾರದು ಎಂದುಕೊಂಡೆ. ಹಾಗಂದುಕೊಂಡರೆ ಸ್ವಲ್ಪ ಉಸಿರಾಡಬಹುದು.

ಸಂಜೆ

ಎಲ್ಲ ಆಯಿತು. ರೇಡಿಯೋದಲ್ಲಿ ಹೇಳಿದರು, ನೀನೂ ಕೇಳಿರುತ್ತೀ. ಈಗ ಬ್ಯಾಂಕಿನ ಒಳಗೆ ಕೂತು ಬರೆಯುತ್ತಿದ್ದೇನೆ. ಮ್ಯಾನೇಜರು ಬೀಗದ ಕೈಗೊಂಚಲು ನನ್ನ ಕೈಗಿಟ್ಟು, "ನೀನು ಚಿಕ್ಕೋಳಿದ್ದಾಗ ಇದೇ ಕೌಂಟರಲ್ಲಿ ಹುಂಡಿ ಒಡೆದು ಚಿಲ್ಲರೆ ಕಟ್ಟಿದ್ದೆ" ಎಂದು ಗಟ್ಟಿಯಾಗಿ ಅತ್ತುಬಿಟ್ಟರು. ನಾನು ಅವರ ಬೆನ್ನು ಸವರಿದೆ.

ಹೊರಗೆ ಈಗಾಗಲೇ ಜನ ಸೇರಿದ್ದಾರೆ. ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ, "ಕಾಸ್ಮಿನಾ ಮಗಳೇ, ನಮ್ಮೂರ ಅನ್ನ ತಿಂದೋಳು ನೀನು!" ಎಂದು. ಯಾರ ದುಡ್ಡೂ ಕಳೆದುಹೋಗಬಾರದು ಎಂದೇ ಬಂದಿದ್ದೇವೆ ಎಂದು ನಾಳೆ ಸಾವಿರ ಸಲ ಹೇಳಬೇಕು. ಅದು ನಿಜ. ಆದರೆ ಜೂನ್ ತಿಂಗಳ ಗಾಳಿಗೆ ಆ ನಿಜ ತಿಳಿಯುವುದಿಲ್ಲ.

ನಾಳೆ ಸಂಜೆ ಮನೆಗೆ ಬರುತ್ತೇನೆ. ಬಾಗಿಲು ತೆರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ನಿನ್ನನ್ನು ಗೊತ್ತಿಲ್ಲ ಅಂದ ನಿನ್ನ ಮಗಳು,
ವರ್ನೆಲ್

ಮರೆತ ಮಾತು: ಸೋಮವಾರ ಮಧ್ಯಾಹ್ನ. ಈ ಕಾಗದವನ್ನು ಲಕೋಟೆಗೆ ಹಾಕಿಟ್ಟಿದ್ದೆ. ಈಗ ಮತ್ತೆ ತೆರೆದೆ.

ಬೆಳಿಗ್ಗೆಯಿಂದ ಬೈಗುಳ ತಿಂದು ಒಂದು ಘಳಿಗೆ ಕೂತಿದ್ದೆ. ಕೌಂಟರಿನ ಇಲೋನಾ ನಿನ್ನ ಮನೆಯಿಂದ ಬಂದ ಪಾತ್ರೆ ತಂದಿಟ್ಟಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಜೀಗುಜ್ಜೆ, ಉಪ್ಪುಮೀನು. ಟಾರ್ಪಾಲು ಗಟ್ಟಿಯಾಗಿದೆ ಎಂದು ಹೇಳಿ ಕಳಿಸಿದ್ದೀಯಂತೆ. ಇಲೋನಾ ಹೋಗದೆ ಅಲ್ಲೇ ನಿಂತಳು. "ನಿಮ್ಮಮ್ಮಂಗೆ ನೀನೇನೂ ಹೇಳಿರಲಿಲ್ವಾ?" ಅಂದಳು. ಇಲ್ಲ ಅಂದೆ. "ಬುಧವಾರವೇ ಬಂದು ಹೇಳಿದ್ರು ಕಣೆ, ಶುಕ್ರವಾರ ಸೂರಿನ ದುಡ್ಡು ಪೂರ್ತಿ ತಗೊಂಡೋಗ್ತೀನಿ, ತೆಗೆದಿಡು ಅಂತ. ಕಟ್ಟಿಟ್ಟಿದ್ದೆ. ಅವರು ಬಂದಾಗ ಕಟ್ಟು ನನ್ನ ಕೈಲೇ ಇತ್ತು. ಬಗ್ಗಿ ಮೆತ್ತಗೆ ಅಂದ್ರು, ಇವತ್ತು ಬೇಡ ಕಣೆ, ಒಳಗಿಡು. ಪ್ರತಿ ಶುಕ್ರವಾರದ್ದು ಕೊಡು ಸಾಕು. ಸ್ವಲ್ಪ ಜೋರಾಗಿ ಎಣಿಸು, ಹಿಂದಿನೋರಿಗೆ ಕೇಳ್ಲಿ."

ಅಮ್ಮ, ಶನಿವಾರ ಬರೆದದ್ದರಲ್ಲಿ ಒಂದು ಸುಳ್ಳಿದೆ. ಗಂಟೆ ಹೊಡೆದಾಗ ನಾನು ಹಾರಿಹೋಗಿ ಕಿಟಕಿ ಮುಚ್ಚಲಿಲ್ಲ. ಹನ್ನೆರಡಕ್ಕೆ ಮುಂಚೆಯೇ ಆ ಕಿಟಕಿಯನ್ನು ನಾನೇ ತೆರೆದಿಟ್ಟು, ಗಂಟೆ ಹೊಡೆಯುವ ಹೊತ್ತು ನೋಡಿಕೊಂಡೇ ನಿನಗೆ ಫೋನು ಮಾಡಿದೆ. ಬಾಯಿ ಬಿಟ್ಟು ಹೇಳದಿದ್ದರೆ ಪ್ರಮಾಣ ಮುರಿದಂತಲ್ಲ ಎಂದುಕೊಂಡೆ. ನಿನಗೆ ಅರ್ಥವಾಗಲಿ, ಹೋಗಿ ನಿನ್ನ ದುಡ್ಡು ತೆಗೆದುಕೋ ಎಂದು. ಆ ಗಂಟೆ ಕೇಳದಿದ್ದರೆ ನೀನು ತೆಗೆದೇ ತೆಗೆಯುತ್ತಿದ್ದೆ.